ಸಸ್ಯಸಂಯುಕ್ತಗಳ ಪತ್ತೆಗೆ ಕಬ್ಬಿಣದ ಆಕ್ಸೈಡ್ ಸಂಕರ ನ್ಯಾನೊವಸ್ತುಗಳು

ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಕಣಗಳನ್ನು ಇಂಗಾಲ, ಚಿನ್ನ, ಸಿಲಿಕಾ ಅಥವಾ ಪಾಲಿಮರ್‌ನಂತಹ ಬೇರೊಂದು ಪದಾರ್ಥದೊಡನೆ ಕೂಡಿಸಿ ತಯಾರಿಸಿದ ವಸ್ತುಗಳನ್ನು ಕಬ್ಬಿಣದ ಆಕ್ಸೈಡ್ ಸಂಕರ ನ್ಯಾನೊವಸ್ತುಗಳು ಎಂದು ಕರೆಯುತ್ತಾರೆ. ಇವುಗಳ ಉಪಯೋಗಗಳಲ್ಲಿ ಒಂದು ವಿದ್ಯುದ್ರಾಸಾಯನಿಕ ಸಂವೇದನೆ. ವಿದ್ಯುದ್ವಾರದ ಮೇಲೆ ಈ ವಸ್ತುವನ್ನು ತೆಳುವಾಗಿ ಲೇಪಿಸಿ, ಸಸ್ಯದ ಸಾರದಲ್ಲಿ ಅದ್ದಿ, ಹರಿಯುವ ವಿದ್ಯುತ್ತನ್ನು ಅಳೆದು ಅದರಲ್ಲಿರುವ ನಿರ್ದಿಷ್ಟ ಸಂಯುಕ್ತದ ಪ್ರಮಾಣವನ್ನು ತಿಳಿಯುವುದು ಇದರ ಕ್ರಮ. ಮೆಣಸಿನಕಾಯಿಯ ಕ್ಯಾಪ್ಸೈಸಿನ್, ಈರುಳ್ಳಿಯ ಕ್ವೆರ್ಸೆಟಿನ್, ಹತ್ತಿಕಾಳಿನ ಗಾಸಿಪಾಲ್, ಅರಿಶಿನದ ಕರ್ಕ್ಯುಮಿನ್, ಚಹಾದ ಕ್ಯಾಟೆಚಿನ್‌ಗಳು ಈ ವಿಧಾನದಿಂದ ಅಳೆಯಬಹುದಾದ ಸಂಯುಕ್ತಗಳು.

ಇವುಗಳಲ್ಲಿ ಮೊದಲ ಮೂರು ಧಾರವಾಡ ಜಿಲ್ಲೆಯ ಹೊಲಗಳಿಗೆ ನೇರವಾಗಿ ಸಂಬಂಧಿಸಿದವು. ನವಲಗುಂದ ತಾಲ್ಲೂಕಿನ ಮೊರಬದಂತಹ ಎರೆಭೂಮಿಯ ಊರುಗಳಲ್ಲಿಯೂ ಕುಂದಗೋಳ, ಅಣ್ಣಿಗೇರಿ ಭಾಗಗಳಲ್ಲಿಯೂ ಹತ್ತಿ, ಮೆಣಸಿನಕಾಯಿ ಮತ್ತು ಉಳ್ಳಾಗಡ್ಡಿ ರೈತರ ಕೈಗೆ ರೊಕ್ಕ ತರುವ ಬೆಳೆಗಳು. ಬೆಳೆಯ ಗುಣಮಟ್ಟವನ್ನು ಮಾರುಕಟ್ಟೆಯಲ್ಲಿ ಬಹುಮಟ್ಟಿಗೆ ಕಣ್ಣು, ಮೂಗು ಮತ್ತು ಕೈಗಳೇ ತೀರ್ಮಾನಿಸುತ್ತವೆ. ಪ್ರಯೋಗಾಲಯದ ಎಚ್‌ಪಿಎಲ್‌ಸಿ ಯಂತ್ರ ನಿಖರವಾದರೂ ದುಬಾರಿ, ಮತ್ತು ಫಲಿತಾಂಶ ಬರುವ ಹೊತ್ತಿಗೆ ಮಾಲು ಮಾರಾಟವಾಗಿರುತ್ತದೆ. ಅಗ್ಗದ, ಕೈಯಲ್ಲಿ ಹಿಡಿಯಬಹುದಾದ ಸಂವೇದಕದ ಬಗ್ಗೆ ಇರುವ ಆಸಕ್ತಿಗೆ ಇದು ಕಾರಣ.

ಹೆಸರು

ಇಲ್ಲಿ ಬಳಸಿರುವ ‘ಸಂಕರ’ ಎಂಬ ಮಾತಿಗೂ ಬೀಜದಂಗಡಿಯ ಸಂಕರ ತಳಿಗೂ ಸಂಬಂಧವಿಲ್ಲ. ಎರಡು ಪದಾರ್ಥಗಳು ತಮ್ಮ ತಮ್ಮ ಗುಣಗಳನ್ನು ಉಳಿಸಿಕೊಂಡು ಒಂದೇ ಕಣದಲ್ಲಿ ಅಥವಾ ಒಂದೇ ಹಾಳೆಯಲ್ಲಿ ಕೂಡಿರುವುದನ್ನು ಮಾತ್ರ ಇದು ಸೂಚಿಸುತ್ತದೆ. ನ್ಯಾನೊ ಎಂದರೆ ಸಾಮಾನ್ಯವಾಗಿ 1ರಿಂದ 100 ನ್ಯಾನೊಮೀಟರ್ ಗಾತ್ರ. ಒಂದು ನ್ಯಾನೊಮೀಟರ್ ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ.

ಕಬ್ಬಿಣದ ಆಕ್ಸೈಡ್‌ಗಳು

ಸಂವೇದಕಗಳಲ್ಲಿ ಮುಖ್ಯವಾಗಿ ಮೂರು ಆಕ್ಸೈಡ್‌ಗಳು ಬಳಕೆಯಾಗುತ್ತವೆ. ಹೆಮಟೈಟ್ ಕೆಂಪು ಬಣ್ಣದ್ದು. ಸಂಡೂರು–ಹೊಸಪೇಟೆ ಭಾಗದ ಅದಿರು ಇದೇ. ಮ್ಯಾಗ್ನೆಟೈಟ್ ಕಪ್ಪು, ಅಯಸ್ಕಾಂತಕ್ಕೆ ಬಲವಾಗಿ ಅಂಟುವಂಥದು; 2005ರ ಕೊನೆಯಲ್ಲಿ ಗಣಿಗಾರಿಕೆ ನಿಂತ ಕುದುರೆಮುಖದಲ್ಲಿ ದೊರೆಯುತ್ತಿದ್ದುದು ಈ ಅದಿರು. ಮೂರನೆಯದಾದ ಮ್ಯಾಗ್ಹೆಮೈಟ್ ಕಂದು ಬಣ್ಣದ್ದು. ಮ್ಯಾಗ್ನೆಟೈಟ್ ಗಾಳಿಯಲ್ಲಿ ನಿಧಾನವಾಗಿ ಉತ್ಕರ್ಷಣಗೊಂಡಾಗ ಉಂಟಾಗುತ್ತದೆ. ಅದಿರನ್ನು ಅರೆದು ಸಂವೇದಕ ಮಾಡುವುದಿಲ್ಲ. ಕಣಗಳನ್ನು ರಾಸಾಯನಿಕವಾಗಿ ತಯಾರಿಸಲಾಗುತ್ತದೆ.

ಈ ಕಣಗಳ ಮೊದಲ ಗುಣ ಮೇಲ್ಮೈ ವಿಸ್ತಾರ. 10 ನ್ಯಾನೊಮೀಟರ್ ವ್ಯಾಸದ ಮ್ಯಾಗ್ನೆಟೈಟ್ ಕಣಗಳು ಒಂದು ಗ್ರಾಂ ಇದ್ದರೆ ಅವುಗಳ ಒಟ್ಟು ಮೇಲ್ಮೈ ಲೆಕ್ಕದ ಪ್ರಕಾರ ಸುಮಾರು 115 ಚದರ ಮೀಟರ್ ಆಗುತ್ತದೆ. ಎರಡನೆಯದು ಕಾಂತಗುಣ. ಇಷ್ಟು ಚಿಕ್ಕ ಕಣಗಳು ಅಯಸ್ಕಾಂತವನ್ನು ಹತ್ತಿರ ತಂದಾಗ ಸೆಳೆಯಲ್ಪಡುತ್ತವೆ, ದೂರ ಒಯ್ದಾಗ ಕಾಂತತ್ವವನ್ನು ಕಳೆದುಕೊಂಡು ಮತ್ತೆ ದ್ರಾವಣದಲ್ಲಿ ಹರಡಿಕೊಳ್ಳುತ್ತವೆ. ಮೂರನೆಯದು 2007ರಲ್ಲಿ ಬೆಳಕಿಗೆ ಬಂದ ಗುಣ: ಚೀನಾದ ಯಾನ್ ಶಿಯುನ್ ಮತ್ತು ಸಂಗಡಿಗರು ಮ್ಯಾಗ್ನೆಟೈಟ್ ನ್ಯಾನೊಕಣಗಳು ಪೆರಾಕ್ಸಿಡೇಸ್ ಎಂಬ ಕಿಣ್ವದಂತೆ ವರ್ತಿಸುತ್ತವೆ ಎಂದು ತೋರಿಸಿದರು. ಅಲ್ಲಿಯವರೆಗೆ ಜಡವೆಂದು ಭಾವಿಸಿದ್ದ ವಸ್ತು ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುತ್ತದೆ ಎಂಬುದು ಈ ಕ್ಷೇತ್ರಕ್ಕೆ ಹೊಸ ದಾರಿ ತೆರೆಯಿತು.

ನಾಲ್ಕನೆಯ ಗುಣ ಅಡುಗೆಮನೆಗೂ ಪರಿಚಿತ. ಬಾಳೆಕಾಯಿ ಹೆಚ್ಚಿದ ಕಬ್ಬಿಣದ ಈಳಿಗೆ ಕಪ್ಪಾಗುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಕಪ್ಪು ಮಸಿ ಮಾಡುವ ಪದ್ಧತಿ ಭಾರತದಲ್ಲಿ ಹಳೆಯದು. ಎರಡರಲ್ಲಿಯೂ ನಡೆಯುವುದು ಒಂದೇ: ಸಸ್ಯದ ಫಿನಾಲಿಕ್ ಸಂಯುಕ್ತಗಳಲ್ಲಿ ಅಕ್ಕಪಕ್ಕ ಇರುವ ಎರಡು ಹೈಡ್ರಾಕ್ಸಿಲ್ ಗುಂಪುಗಳು ಇಕ್ಕಳದಂತೆ ಕಬ್ಬಿಣದ ಅಯಾನನ್ನು ಹಿಡಿದುಕೊಳ್ಳುತ್ತವೆ. ಕಬ್ಬಿಣದ ಆಕ್ಸೈಡಿನ ಕಣದ ಮೇಲ್ಮೈಗೆ ಕ್ವೆರ್ಸೆಟಿನ್, ಗ್ಯಾಲಿಕ್ ಆಮ್ಲ, ಕೆಫೀಕ್ ಆಮ್ಲಗಳಂತಹ ಸಂಯುಕ್ತಗಳು ತಾವಾಗಿ ಬಂದು ಕೂಡುವುದಕ್ಕೆ ಈ ಹಿಡಿತವೇ ಕಾರಣ. ದುರ್ಬಲ ದ್ರಾವಣದಲ್ಲಿ ಚದುರಿದ ಅಣುಗಳು ವಿದ್ಯುದ್ವಾರದ ಬಳಿ ಸಾಂದ್ರಗೊಳ್ಳುತ್ತವೆ, ಸಂಕೇತ ಬಲಗೊಳ್ಳುತ್ತದೆ.

ಸಂಕರಗೊಳಿಸುವ ಅಗತ್ಯ

ಇಷ್ಟೆಲ್ಲ ಗುಣಗಳಿದ್ದರೂ ಬರಿಯ ಆಕ್ಸೈಡ್ ಕಣಗಳು ಒಳ್ಳೆಯ ಸಂವೇದಕವಾಗುವುದಿಲ್ಲ. ಹೆಮಟೈಟ್ ವಿದ್ಯುತ್ತನ್ನು ಸರಿಯಾಗಿ ಹರಿಯಗೊಡುವುದಿಲ್ಲ. ಮ್ಯಾಗ್ನೆಟೈಟ್ ಆಕ್ಸೈಡ್‌ಗಳ ಪೈಕಿ ಒಳ್ಳೆಯ ವಾಹಕವೇ, ಆದರೆ ಅದರ ಸೂಕ್ಷ್ಮ ಕಣಗಳು ಒಂದಕ್ಕೊಂದು ಅಂಟಿ ಗುಂಪುಗೂಡುತ್ತವೆ. ಮೇಲ್ಮೈ ವಿಸ್ತಾರದ ಲಾಭ ಅಲ್ಲಿಯೇ ಕರಗಿಹೋಗುತ್ತದೆ. ಆದುದರಿಂದ ಕಣಗಳನ್ನು ಗ್ರಾಫೀನ್ ಹಾಳೆಗಳ ಮೇಲೆ ಅಥವಾ ಇಂಗಾಲದ ನ್ಯಾನೊಕೊಳವೆಗಳ ಮೇಲೆ ನೆಲೆಗೊಳಿಸುತ್ತಾರೆ. ಇಂಗಾಲ ವಿದ್ಯುತ್ತಿಗೆ ದಾರಿಯಾಗುತ್ತದೆ. ಆಕ್ಸೈಡ್ ಅಣುಗಳನ್ನು ಹಿಡಿಯುತ್ತದೆ. ಕಣಗಳು ನಡುವೆ ಇರುವುದರಿಂದ ಗ್ರಾಫೀನ್ ಹಾಳೆಗಳೂ ಒಂದರ ಮೇಲೊಂದು ಅಂಟಿಕೊಳ್ಳುವುದಿಲ್ಲ. ಕೊಡುಕೊಳೆ ಎರಡೂ ಕಡೆಗೆ ಇರುವುದರಿಂದಲೇ ಇದನ್ನು ಬರಿಯ ಮಿಶ್ರಣ ಎನ್ನದೆ ಸಂಕರ ಎನ್ನುವುದು ಸೂಕ್ತ.

ಚಿನ್ನದ ಹೊದಿಕೆ ವಾಹಕತೆಯನ್ನು ಹೆಚ್ಚಿಸುತ್ತದೆ. ಸಿಲಿಕಾ ಹೊದಿಕೆ ಕಣವನ್ನು ಆಮ್ಲದಿಂದ ಕಾಪಾಡುತ್ತದೆ. ಸೀಗಡಿ, ಏಡಿಗಳ ಚಿಪ್ಪಿನಿಂದ ಪಡೆಯುವ ಕೈಟೋಸಾನ್ ಲೇಪವನ್ನು ವಿದ್ಯುದ್ವಾರಕ್ಕೆ ಅಂಟಿಸಿ ಹಿಡಿಯುತ್ತದೆ. ಅಣುಮುದ್ರಿತ ಪಾಲಿಮರ್ ಎಂಬುದು ಇವೆಲ್ಲಕ್ಕಿಂತ ಜಾಣ್ಮೆಯ ಹೊದಿಕೆ: ಬೇಕಾದ ಸಂಯುಕ್ತದ ಸುತ್ತಲೇ ಪಾಲಿಮರ್ ಬೆಳೆಸಿ, ಆಮೇಲೆ ಆ ಸಂಯುಕ್ತವನ್ನು ತೊಳೆದು ತೆಗೆದರೆ ಅದರ ಆಕಾರದ ಗುಳಿಗಳು ಉಳಿಯುತ್ತವೆ. ಬೀಗಕ್ಕೆ ತಕ್ಕ ಕೀಲಿಯಂತೆ ಅದೇ ಸಂಯುಕ್ತ ಮರಳಿ ಬಂದು ಅಲ್ಲಿ ಕೂಡುತ್ತದೆ.

ತಯಾರಿಕೆ

ಸಹಪ್ರಕ್ಷೇಪಣ ಅತ್ಯಂತ ಸುಲಭವಾದ ವಿಧಾನ. ಫ್ರಾನ್ಸಿನ ರೆನೆ ಮಸಾರ್ 1981ರಲ್ಲಿ ಇದನ್ನು ವಿವರಿಸಿದರು. ಎರಡು ವೇಲೆನ್ಸಿಯ ಒಂದು ಪಾಲು ಕಬ್ಬಿಣ ಮತ್ತು ಮೂರು ವೇಲೆನ್ಸಿಯ ಎರಡು ಪಾಲು ಕಬ್ಬಿಣದ ಲವಣಗಳನ್ನು ನೀರಿನಲ್ಲಿ ಕರಗಿಸಿ, ಕಲಕುತ್ತ ಅಮೋನಿಯ ಬೆರೆಸಿದರೆ ಕ್ಷಣದಲ್ಲಿ ಕಪ್ಪು ಪ್ರಕ್ಷೇಪ ಬೀಳುತ್ತದೆ. ಗಾಳಿಯ ಆಮ್ಲಜನಕ ಸೇರದಂತೆ ನೈಟ್ರೋಜನ್ ಹಾಯಿಸಬೇಕು. ಗ್ರಾಫೀನ್ ಆಕ್ಸೈಡ್ ಹಾಳೆಗಳನ್ನು ಅದೇ ಪಾತ್ರೆಯಲ್ಲಿ ಮೊದಲೇ ಹರಡಿದ್ದರೆ ಕಣಗಳು ಅವುಗಳ ಮೇಲೆಯೇ ಬೆಳೆಯುತ್ತವೆ. ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ಒತ್ತಡ ಮತ್ತು ಶಾಖ ಕೊಟ್ಟು ತಯಾರಿಸುವ ಜಲೋಷ್ಣ ವಿಧಾನದಿಂದ ಕಣಗಳ ಆಕಾರವನ್ನು ಹೆಚ್ಚು ಹತೋಟಿಯಲ್ಲಿಡಬಹುದು.

ಅಮೋನಿಯದ ಬದಲಿಗೆ ಎಲೆಗಳ ಸಾರ ಬಳಸುವ ‘ಹಸಿರು’ ತಯಾರಿಕೆ ಈಗ ಜನಪ್ರಿಯ. ಆದರೆ ಸಸ್ಯಸಂಯುಕ್ತಗಳನ್ನೇ ಅಳೆಯಬೇಕಾದ ಸಂವೇದಕಕ್ಕೆ ಇದು ಅಷ್ಟೊಂದು ಹೊಂದುವ ದಾರಿಯಲ್ಲ. ತಯಾರಿಕೆಗೆ ಬಳಸಿದ ಎಲೆಯ ಫಿನಾಲ್‌ಗಳು ಕಣದ ಮೇಲೆ ಉಳಿದುಕೊಂಡು ತಮ್ಮದೇ ಸಂಕೇತ ಕೊಡಬಹುದು. ಸೇರಿನಲ್ಲಿಯೇ ಕಾಳು ಅಂಟಿಕೊಂಡಿದ್ದರೆ ಅಳತೆ ತಪ್ಪುವುದು ಸಹಜ.

ಅಳೆಯುವ ಕ್ರಮ

ಈ ಅಳತೆಯ ಮೂಲ ಚೆಕ್ ವಿಜ್ಞಾನಿ ಯಾರೊಸ್ಲಾವ್ ಹೆರೊವ್‌ಸ್ಕಿ 1922ರಲ್ಲಿ ಕಂಡುಹಿಡಿದ ಪೋಲರೋಗ್ರಫಿ. ಅದಕ್ಕಾಗಿ ಅವರಿಗೆ 1959ರ ನೊಬೆಲ್ ಪ್ರಶಸ್ತಿ ಬಂದಿತು. ಅವರು ಬಳಸಿದ ಪಾದರಸದ ಹನಿಯ ಸ್ಥಾನದಲ್ಲಿ ಇಂದು ಘನ ಇಂಗಾಲವಿದೆ. ಗ್ರಾಫೈಟ್ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಮಾಡುವ ಇಂಗಾಲದ ಮುದ್ದೆಯ ವಿದ್ಯುದ್ವಾರವನ್ನು ಅಮೆರಿಕದ ರಾಲ್ಫ್ ಆಡಮ್ಸ್ 1958ರಲ್ಲಿ ಪರಿಚಯಿಸಿದರು. ಕಡಿಮೆ ವೆಚ್ಚದ್ದಾದುದರಿಂದ ವಿಶ್ವವಿದ್ಯಾಲಯಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

ಸಾರವಿರುವ ಪಾತ್ರೆಯಲ್ಲಿ ಮೂರು ವಿದ್ಯುದ್ವಾರಗಳಿರುತ್ತವೆ. ಸಂಕರ ವಸ್ತು ಲೇಪಿಸಿದುದು ಕಾರ್ಯ ವಿದ್ಯುದ್ವಾರ. ಬೆಳ್ಳಿ–ಬೆಳ್ಳಿ ಕ್ಲೋರೈಡಿನದು ವಿಭವವನ್ನು ಹೋಲಿಸಲು. ಪ್ಲಾಟಿನಂ ತಂತಿ ಮಂಡಲವನ್ನು ಪೂರ್ಣಗೊಳಿಸಲು. ಕಾರ್ಯ ವಿದ್ಯುದ್ವಾರದ ವಿಭವವನ್ನು ಹಂತಹಂತವಾಗಿ ಏರಿಸುತ್ತ ಹೋದಾಗ, ಒಂದು ಹಂತದಲ್ಲಿ ಸಂಯುಕ್ತದ ಅಣು ಎಲೆಕ್ಟ್ರಾನ್‌ಗಳನ್ನು ಬಿಟ್ಟುಕೊಟ್ಟು ಉತ್ಕರ್ಷಣಗೊಳ್ಳುತ್ತದೆ. ಆಗ ಪ್ರವಾಹದ ನಕ್ಷೆಯಲ್ಲಿ ಒಂದು ಶಿಖರ ಮೂಡುತ್ತದೆ. ಶಿಖರ ಯಾವ ವಿಭವದಲ್ಲಿದೆ ಎಂಬುದು ಸಂಯುಕ್ತ ಯಾವುದಿರಬಹುದು ಎಂಬುದನ್ನೂ, ಅದರ ಎತ್ತರ ಸಂಯುಕ್ತ ಎಷ್ಟಿದೆ ಎಂಬುದನ್ನೂ ಸೂಚಿಸುತ್ತದೆ.

‘ಇರಬಹುದು’ ಎಂಬ ಮಾತು ಇಲ್ಲಿ ಮುಖ್ಯ. ಸಸ್ಯದ ಸಾರದಲ್ಲಿ ಹತ್ತಾರು ಫಿನಾಲ್‌ಗಳಿರುತ್ತವೆ. ಹೋಲುವ ರಚನೆಯವು ಹತ್ತಿರ ಹತ್ತಿರದ ವಿಭವಗಳಲ್ಲಿಯೇ ಉತ್ಕರ್ಷಣಗೊಂಡು ಅವುಗಳ ಶಿಖರಗಳು ಒಂದರೊಳಗೊಂದು ಬೆರೆಯುತ್ತವೆ. ಶಿಖರ ಪಡೆಯುವುದು ಸುಲಭ. ಅದು ಯಾರದೆಂದು ಹೇಳುವುದು ಕಷ್ಟ. ಇದಕ್ಕೆ ಭಾಗಶಃ ಪರಿಹಾರವಾದ ಪ್ರಮಾಣ ಸೇರ್ಪಡೆ ವಿಧಾನದಲ್ಲಿ, ಗೊತ್ತಿರುವ ಪ್ರಮಾಣದ ಶುದ್ಧ ಸಂಯುಕ್ತವನ್ನು ಅದೇ ಸಾರಕ್ಕೆ ಸೇರಿಸಿ ಶಿಖರ ಎಷ್ಟು ಏರಿತೆಂದು ನೋಡಿ, ಅದರಿಂದ ಮೂಲ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ. ಸಾರದ ಉಳಿದ ಪದಾರ್ಥಗಳು ಸಂಕೇತವನ್ನು ಕುಗ್ಗಿಸಿದರೂ ಹಿಗ್ಗಿಸಿದರೂ ಈ ಲೆಕ್ಕದಲ್ಲಿ ಅದು ಸರಿಹೋಗುತ್ತದೆ. ಬೇರೊಂದು ಸಂಯುಕ್ತದ ಶಿಖರವೇ ಮೇಲೆ ಬಂದು ಕೂತಿದ್ದರೆ ಮಾತ್ರ ಸರಿಹೋಗುವುದಿಲ್ಲ.

ಮೆಣಸಿನಕಾಯಿ

ಮೆಣಸಿನಕಾಯಿಯ ಖಾರವನ್ನು ಅಳೆಯುವ ಮೊದಲ ವ್ಯವಸ್ಥಿತ ವಿಧಾನವನ್ನು ಅಮೆರಿಕದ ವಿಲ್ಬರ್ ಸ್ಕೋವಿಲ್ 1912ರಲ್ಲಿ ರೂಪಿಸಿದರು. ಸಾರವನ್ನು ಸಕ್ಕರೆ ನೀರಿನಲ್ಲಿ ತೆಳುಗೊಳಿಸುತ್ತ ಹೋಗಿ, ರುಚಿ ನೋಡುವವರ ನಾಲಿಗೆಗೆ ಖಾರ ತಿಳಿಯದಾಗುವ ಹಂತವನ್ನು ಗುರುತಿಸುವುದು ಅದರ ಕ್ರಮ. ನಾಲಿಗೆಯಿಂದ ನಾಲಿಗೆಗೆ ವ್ಯತ್ಯಾಸವಿರುವುದರಿಂದ ಈಗ ಕ್ಯಾಪ್ಸೈಸಿನ್ ಮತ್ತು ಅದರ ಬಂಧುಗಳ ಪ್ರಮಾಣವನ್ನು ಯಂತ್ರದಿಂದ ಅಳೆದು, ಸ್ಕೋವಿಲ್ ಅಂಕಕ್ಕೆ ಪರಿವರ್ತಿಸುತ್ತಾರೆ; ಹತ್ತು ಲಕ್ಷದಲ್ಲಿ ಒಂದು ಭಾಗ ಕ್ಯಾಪ್ಸೈಸಿನ್ ಎಂದರೆ ಸುಮಾರು 16 ಅಂಕ.

ಕ್ಯಾಪ್ಸೈಸಿನ್ ಅಣುವಿನ ಒಂದು ತುದಿಯಲ್ಲಿ ಮೀಥಾಕ್ಸಿ ಗುಂಪು ಕೂಡಿದ ಫಿನಾಲ್ ಉಂಗುರವಿದೆ. ವಿದ್ಯುದ್ವಾರದ ಮೇಲೆ ಮೊದಲು ಉತ್ಕರ್ಷಣಗೊಳ್ಳುವುದು ಇದೇ. ಈ ಮೊದಲ ಕ್ರಿಯೆ ಹಿಂದಿರುಗದಂಥದು. ಅದರಲ್ಲಿ ಮೀಥಾಕ್ಸಿ ಗುಂಪು ಕಳಚಿ, ಕ್ವಿನೋನ್ ರೂಪ ಉಂಟಾಗುತ್ತದೆ. ಆಮೇಲೆ ಆ ಕ್ವಿನೋನ್ ಎಲೆಕ್ಟ್ರಾನ್ ಪಡೆದು ಕ್ಯಾಟೆಕಾಲ್ ಆಗುವುದು, ಬಿಟ್ಟುಕೊಟ್ಟು ಮತ್ತೆ ಕ್ವಿನೋನ್ ಆಗುವುದು ನಡೆದಿರುತ್ತದೆ. ಮೇಲೆ ಹೇಳಿದ ಇಕ್ಕಳದ ಹಿಡಿತ ಕ್ಯಾಟೆಕಾಲಿಗೆ ಇರುವುದರಿಂದ ಕಬ್ಬಿಣದ ಆಕ್ಸೈಡಿನ ಪಾತ್ರ ಎರಡನೆಯ ಹಂತದಲ್ಲಿ ಹೆಚ್ಚು. ಡೈಹೈಡ್ರೋಕ್ಯಾಪ್ಸೈಸಿನ್ ಎಂಬ ಬಂಧುವಿನಲ್ಲಿಯೂ ಅದೇ ಉಂಗುರವಿರುವುದರಿಂದ ಎರಡನ್ನೂ ಈ ವಿಧಾನ ಬೇರ್ಪಡಿಸಲಾರದು. ಎರಡೂ ಖಾರವೇ ಆದುದರಿಂದ ಒಟ್ಟು ಖಾರದ ಲೆಕ್ಕಕ್ಕೆ ಇದರಿಂದ ತೊಂದರೆಯಿಲ್ಲ.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ರಿಚರ್ಡ್ ಕಾಂಪ್ಟನ್ ಅವರ ತಂಡ 2008ರಲ್ಲಿ ಇಂಗಾಲದ ನ್ಯಾನೊಕೊಳವೆಗಳ ವಿದ್ಯುದ್ವಾರದಿಂದ ಖಾರ ಅಳೆದು ತೋರಿಸಿತು. 2020ರಲ್ಲಿ ಥಾಯ್ಲೆಂಡಿನ ಪ್ರಿನ್ಸ್ ಆಫ್ ಸಾಂಗ್‌ಕ್ಲಾ ವಿಶ್ವವಿದ್ಯಾಲಯದವರು ಸ್ಮಾರ್ಟ್‌ಫೋನಿಗೆ ಜೋಡಿಸುವ ಕಾಗದದ ಪಟ್ಟಿಯ ಸಾಧನವನ್ನು ಪ್ರಕಟಿಸಿದರು. ಅದರಲ್ಲಿ ಇದ್ದುದು ನೈಟ್ರೋಜನ್ ಬೆರೆತ ಗ್ರಾಫೀನ್. ಈ ಎರಡರಲ್ಲಿಯೂ ಕಬ್ಬಿಣದ ಆಕ್ಸೈಡ್ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಬರಿಯ ಸಂಕೇತ ಪಡೆಯಲು ಇಂಗಾಲವೇ ಸಾಕು. ಕಬ್ಬಿಣದ ಆಕ್ಸೈಡ್ ಬೇಕಾಗುವುದು ಮುಖ್ಯವಾಗಿ ಗುರಿಯ ಅಣುವನ್ನು ಕಲಬೆರಕೆ ಸಾರದಿಂದ ಅಯಸ್ಕಾಂತದ ಮೂಲಕ ಹೊರಗೆಳೆಯಲು. ಅಣುಮುದ್ರಿತ ಹೊದಿಕೆಯ ಕಾಂತಕಣಗಳನ್ನು ಸಾರಕ್ಕೆ ಹಾಕಿ ಕಲಕಿ, ಪಾತ್ರೆಯ ಹೊರಗೆ ಅಯಸ್ಕಾಂತ ಹಿಡಿದು, ಉಳಿದುದನ್ನು ಚೆಲ್ಲಿ, ಕಣಗಳನ್ನು ವಿದ್ಯುದ್ವಾರಕ್ಕೆ ಸೇರಿಸಬಹುದು. ಇಂಗಾಲಕ್ಕೆ ಈ ಶಕ್ತಿಯಿಲ್ಲ.

ಬ್ಯಾಡಗಿ ಮೆಣಸಿನಕಾಯಿಯ ವಿಷಯದಲ್ಲಿ ಪ್ರಶ್ನೆಯೇ ತಿರುಗುಮುರುಗಾಗುತ್ತದೆ. ಹಾವೇರಿ, ಧಾರವಾಡ, ಗದಗ ಜಿಲ್ಲೆಗಳಲ್ಲಿ ಬೆಳೆಯುವ, 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಈ ಕಾಯಿಗೆ ಬೆಲೆ ಬರುವುದು ಕಡುಕೆಂಪು ಬಣ್ಣ ಮತ್ತು ಕಡಿಮೆ ಖಾರದಿಂದ. ಡಬ್ಬಿ, ಕಡ್ಡಿ ಎಂಬ ಎರಡೂ ಬಗೆಗಳಿಗೆ ಇದು ಸಲ್ಲುತ್ತದೆ. ಬಣ್ಣಕ್ಕೆ ಕಾರಣ ಕ್ಯಾಪ್ಸಾಂಥಿನ್ ಎಂಬ ಕೆರೊಟಿನಾಯ್ಡ್. ಅದನ್ನು ಬಣ್ಣ ಅಳೆಯುವ ಬೆಳಕಿನ ಉಪಕರಣದಿಂದ ಸುಲಭವಾಗಿ ತಿಳಿಯಬಹುದು. ಖಾರ ಅಳೆಯುವ ಸಂವೇದಕದಿಂದ ಇಲ್ಲಿ ಆಗಬೇಕಾದ ಕೆಲಸ ಖಾರ ಕಡಿಮೆಯಿದೆ ಎಂದು ಸಾಬೀತುಪಡಿಸುವುದು. ಕೆಂಪಾಗಿ ಕಾಣುವ ಹೆಚ್ಚು ಖಾರದ ಕಾಯಿಯನ್ನು ಬೆರೆಸಿದರೆ ಪುಡಿ ಮಾಡಿದ ಮೇಲೆ ಕಣ್ಣಿಗೆ ತಿಳಿಯದು. ಕ್ಯಾಪ್ಸೈಸಿನ್ ಪ್ರಮಾಣ ತಿಳಿಸಬಲ್ಲುದು.

ಲೆಕ್ಕವೊಂದನ್ನು ನೋಡಬಹುದು. 10,000 ಸ್ಕೋವಿಲ್ ಅಂಕದ ಪುಡಿಯಲ್ಲಿ ಕ್ಯಾಪ್ಸೈಸಿನ್ ವರ್ಗದ ಸಂಯುಕ್ತಗಳು ಶೇಕಡಾ 0.06ರಷ್ಟು. ಒಂದು ಗ್ರಾಂ ಪುಡಿಯನ್ನು 100 ಮಿಲಿಲೀಟರ್ ಆಲ್ಕೋಹಾಲಿನಲ್ಲಿ ನೆನೆಸಿ ಸಾರ ತೆಗೆದರೆ ಅದರಲ್ಲಿ ಲೀಟರಿಗೆ ಸುಮಾರು 6 ಮಿಲಿಗ್ರಾಂ, ಅಂದರೆ ಸುಮಾರು 20 ಮೈಕ್ರೋಮೋಲಾರ್ ಆಗುತ್ತದೆ. ಇದು ಸಾಧಾರಣ ವಿದ್ಯುದ್ವಾರಕ್ಕೂ ನಿಲುಕುವ ಪ್ರಮಾಣ. ಪ್ರಬಂಧಗಳು ಇದರ ಸಾವಿರದಲ್ಲಿ ಒಂದು ಪಾಲನ್ನು, ಅಂದರೆ ನ್ಯಾನೊಮೋಲಾರ್ ಮಟ್ಟವನ್ನು, ಪತ್ತೆ ಮಾಡಿದ್ದಾಗಿ ಪೈಪೋಟಿಯ ಮೇಲೆ ಹೇಳಿಕೊಳ್ಳುತ್ತವೆ. ಮೆಣಸಿನಕಾಯಿಯ ವ್ಯಾಪಾರಕ್ಕೆ ಆ ಸೂಕ್ಷ್ಮತೆ ಬೇಕಿಲ್ಲ. ಬೆಳಿಗ್ಗೆ ಅಳೆದಾಗ ಬಂದ ಅಂಕ ಸಂಜೆಯೂ ಬರಬೇಕು, ಒಂದು ಪಟ್ಟಿಯ ಅಂಕ ಇನ್ನೊಂದು ಪಟ್ಟಿಯಲ್ಲಿಯೂ ಬರಬೇಕು, ಬೇಕಿರುವುದು ಅದು.

ಹತ್ತಿಕಾಳು

ಹತ್ತಿಗಿಡದ ಸಣ್ಣ ಗ್ರಂಥಿಗಳಲ್ಲಿ ಇರುವ ಹಳದಿ ಬಣ್ಣದ ಗಾಸಿಪಾಲ್ ಗಿಡಕ್ಕೆ ಕೀಟಗಳಿಂದ ರಕ್ಷಣೆ. ಹತ್ತಿಕಾಳಿನ ಹಿಂಡಿಯನ್ನು ದನಗಳಿಗೆ ತಿನ್ನಿಸುವುದು ವಾಡಿಕೆ. ಬೆಳೆದ ದನಗಳ ಮೆಲುಕು ಹೊಟ್ಟೆ ಗಾಸಿಪಾಲನ್ನು ಮಟ್ಟಿಗೆ ತಡೆದುಕೊಳ್ಳುತ್ತದೆ, ಎಳಗರುಗಳಿಗೂ ಕೋಳಿ, ಹಂದಿಗಳಿಗೂ ಅದು ವಿಷ. ಅಮೆರಿಕದಲ್ಲಿ ಮನುಷ್ಯರ ಆಹಾರಕ್ಕೆ ಬಳಸುವ ಹತ್ತಿಕಾಳಿನ ಪದಾರ್ಥಗಳಲ್ಲಿ ಮುಕ್ತ ಗಾಸಿಪಾಲ್ ಹತ್ತು ಲಕ್ಷದಲ್ಲಿ 450 ಭಾಗ ಮೀರಬಾರದೆಂಬ ಮಿತಿಯಿದೆ.

ಗಾಸಿಪಾಲ್ ಅಣುವಿನಲ್ಲಿ ಆರು ಹೈಡ್ರಾಕ್ಸಿಲ್ ಗುಂಪುಗಳಿದ್ದು, ಅಕ್ಕಪಕ್ಕದ ಜೋಡಿಗಳೂ ಇವೆ. ಉತ್ಕರ್ಷಣಕ್ಕೂ ಕಬ್ಬಿಣದ ಹಿಡಿತಕ್ಕೂ ಇದು ಹೇಳಿ ಮಾಡಿಸಿದಂತಿದೆ. ಮೇಲಿನ ಲೆಕ್ಕವನ್ನೇ ಅನ್ವಯಿಸಿದರೆ 450 ಭಾಗದ ಮಾದರಿಯ ಸಾರ ಸುಮಾರು 9 ಮೈಕ್ರೋಮೋಲಾರ್ ಆಗುತ್ತದೆ. ತೊಡಕು ಇರುವುದು ಬೇರೆ ಕಡೆ: ಕಾಳನ್ನು ಬಿಸಿಮಾಡಿ ಎಣ್ಣೆ ತೆಗೆಯುವಾಗ ಗಾಸಿಪಾಲಿನ ಒಂದು ಪಾಲು ಪ್ರೋಟೀನಿಗೆ ಅಂಟಿಕೊಂಡು ಬದ್ಧ ಗಾಸಿಪಾಲ್ ಆಗುತ್ತದೆ. ಸಾರಕ್ಕೆ ಇಳಿಯುವುದು ಮುಕ್ತ ಪಾಲು ಮಾತ್ರ. ವಿಷದ ಅಂಶ ಹೆಚ್ಚು ಇರುವುದೂ ಅದರಲ್ಲಿಯೇ ಆದುದರಿಂದ ಸಂವೇದಕದ ಅಂಕ ನಿರುಪಯುಕ್ತವಲ್ಲ. ಆದರೆ ಅದನ್ನು ಒಟ್ಟು ಗಾಸಿಪಾಲ್ ಎಂದು ಬರೆಯಬಾರದು.

ಈರುಳ್ಳಿ

ಕ್ವೆರ್ಸೆಟಿನ್ ಸಂವೇದಕಗಳ ಮೇಲೆ ಪ್ರಕಟವಾದ ಪ್ರಬಂಧಗಳು ಹೇರಳ. ಅವುಗಳಲ್ಲಿ ಈರುಳ್ಳಿಯನ್ನು ಮಾದರಿಯಾಗಿ ಬಳಸುವುದೂ ಸಾಮಾನ್ಯ. ಈರುಳ್ಳಿಯ ತಿರುಳಿನಲ್ಲಿ ಕ್ವೆರ್ಸೆಟಿನ್ ಬಹುಪಾಲು ಸಕ್ಕರೆಯೊಡನೆ ಕೂಡಿದ ಗ್ಲೂಕೋಸೈಡ್ ಆಗಿರುತ್ತದೆ, ಮತ್ತು ಸಕ್ಕರೆ ಕೂತಿರುವುದು ಇಕ್ಕಳದ ಒಂದು ಬಾಯಿಯ ಮೇಲೆಯೇ. ಅಂತಹ ಅಣು ಆ ಇಕ್ಕಳದಿಂದ ಕಬ್ಬಿಣವನ್ನು ಹಿಡಿಯಲಾರದು. ಅದರ ಶಿಖರವೂ ಬೇರೆ ಕಡೆ ಮೂಡುತ್ತದೆ. ಆಮ್ಲದಲ್ಲಿ ಕಾಯಿಸಿ ಸಕ್ಕರೆಯನ್ನು ಬಿಡಿಸಿದ ಮೇಲೆಯೇ ಒಟ್ಟು ಕ್ವೆರ್ಸೆಟಿನ್ ಅಳೆಯಬೇಕು. ಒಣಗಿದ ಹೊರಸಿಪ್ಪೆಯಲ್ಲಿ ಮುಕ್ತ ಕ್ವೆರ್ಸೆಟಿನ್ ಸಾಕಷ್ಟಿದ್ದು ಅಲ್ಲಿ ಈ ತೊಂದರೆ ಕಡಿಮೆ.

ಕರ್ನಾಟಕದಲ್ಲಿ ಸಂಶೋಧನೆ

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಎಸ್. ಟಿ. ನಂದಿಬೇವೂರ ಮತ್ತು ಅವರ ಶಿಷ್ಯರು ಇಂಗಾಲದ ವಿದ್ಯುದ್ವಾರಗಳ ಮೇಲೆ ಔಷಧಗಳ ವರ್ತನೆಯನ್ನು ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. ಹುಬ್ಬಳ್ಳಿಯ ಕೆಎಲ್‌ಇ ಸಂಸ್ಥೆಯ ತಾಂತ್ರಿಕ ಕಾಲೇಜಿನಲ್ಲಿ ನಾಗರಾಜ ಶೆಟ್ಟಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಬಿ. ಇ. ಕುಮಾರಸ್ವಾಮಿ ಇದೇ ಕ್ಷೇತ್ರದಲ್ಲಿ ದುಡಿದವರು. ಈ ಕೆಲಸದ ದೊಡ್ಡ ಪಾಲು ಔಷಧಗಳಿಗೂ ಡೋಪಮೈನ್‌ನಂತಹ ದೇಹದ ರಾಸಾಯನಿಕಗಳಿಗೂ ಸಂಬಂಧಿಸಿದ್ದು, ಹೊಲದ ಬೆಳೆಗೆ ಸಿಕ್ಕಿದ ಗಮನ ಕಡಿಮೆ. ವಿದ್ಯುದ್ವಾರ ತಯಾರಿಸುವ ಪರಿಣತಿ ಮತ್ತು 1986ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾಲಯದ ಬೆಳೆಜ್ಞಾನ ಎರಡೂ ಧಾರವಾಡದಲ್ಲಿಯೇ ಇವೆ.

ಮಿತಿಗಳು

ಮ್ಯಾಗ್ನೆಟೈಟ್ ಆಮ್ಲದಲ್ಲಿ ನಿಧಾನವಾಗಿ ಕರಗುತ್ತದೆ. ಫಿನಾಲ್‌ಗಳ ಶಿಖರ ಚೊಕ್ಕವಾಗಿ ಬರುವುದು ಬಹುತೇಕ ಆಮ್ಲೀಯ ದ್ರಾವಣದಲ್ಲಿಯೇ, ಅಂದರೆ ಪಿಎಚ್ 3ರಿಂದ 5ರ ನಡುವೆ. ಇವೆರಡೂ ಒಂದಕ್ಕೊಂದು ಎದುರಾದ ಬೇಡಿಕೆಗಳು. ಹೊದಿಕೆಯಿಲ್ಲದ ಕಣಗಳ ಲೇಪ ದಿನಗಳೆದಂತೆ ಸವೆಯುತ್ತದೆ. ಫಿನಾಲ್‌ಗಳು ಉತ್ಕರ್ಷಣಗೊಂಡಾಗ ವಿದ್ಯುದ್ವಾರದ ಮೇಲೆ ಪಾಲಿಮರಿನ ಪದರ ಬೆಳೆದು ಅದನ್ನು ಮಂಕುಗೊಳಿಸುವುದೂ ಉಂಟು. ಒಮ್ಮೆ ಬಳಸಿ ಎಸೆಯುವ ಪಟ್ಟಿಗಳಿಗೆ ಒಲವು ಹೆಚ್ಚಿರುವುದು ಇದರಿಂದ.

ಹಸಿ ಮೆಣಸಿನಕಾಯಿಯಲ್ಲಿ ಆಸ್ಕಾರ್ಬಿಕ್ ಆಮ್ಲ, ಅಂದರೆ ಸಿ ಜೀವಸತ್ವ, ಬಹಳ. ಹಂಗೆರಿಯ ಆಲ್ಬರ್ಟ್ ಸೆಂಟ್–ಗ್ಯೋರ್ಗಿ ಅದನ್ನು ದೊಡ್ಡ ಪ್ರಮಾಣದಲ್ಲಿ ಬೇರ್ಪಡಿಸಿದ್ದು ಅಲ್ಲಿನ ಕೆಂಪು ಮೆಣಸಿನಕಾಯಿಯಿಂದಲೇ. ಅದೂ ಸುಲಭವಾಗಿ ಉತ್ಕರ್ಷಣಗೊಳ್ಳುವುದರಿಂದ ಹಸಿಕಾಯಿಯ ಅಳತೆಯಲ್ಲಿ ಅಡ್ಡಬರುತ್ತದೆ. ಕಾಯಿ ಒಣಗಿದಾಗ ಅದರ ಪ್ರಮಾಣ ಇಳಿಯುತ್ತದೆ. ಇನ್ನು ಮಾದರಿ ತೆಗೆಯುವ ಸಮಸ್ಯೆ: ಖಾರ ಕಾಯಿಯೊಳಗೆ ಸಮನಾಗಿ ಹರಡಿಲ್ಲ, ಬೀಜ ಹಿಡಿದಿರುವ ಬಿಳಿಯ ನಾರಿನಲ್ಲಿ ಹೆಚ್ಚು. ಒಂದು ಚೀಲದಿಂದ ಎರಡು ಕಾಯಿ ಆರಿಸಿ ಅಳೆದರೆ ಎಷ್ಟೇ ಸೂಕ್ಷ್ಮ ಸಂವೇದಕವಾದರೂ ಚೀಲದ ಖಾರವನ್ನು ಹೇಳಲಾರದು. ಹಲವು ಚೀಲಗಳ ಬೇರೆ ಬೇರೆ ಆಳದಿಂದ ಕಾಯಿ ತೆಗೆದು, ಒಟ್ಟಿಗೆ ಪುಡಿಮಾಡಿ, ಬೆರೆಸಿ, ಅದರಲ್ಲಿ ಒಂದು ಗ್ರಾಂ ತೂಗಬೇಕಾಗುತ್ತದೆ.